ಗೋಡೆಯ ಕಾಲನಿರ್ಣಯ, ಗೂಗಲ್ ಶೀಟ್, ಟ್ರೆಲ್ಲೊ: ಮುಂಬೈಯ ಕನ್ನಡ ಬ್ಲಾಗಿಗೆ ಯಾವ ಕ್ಯಾಲೆಂಡರ್ ಸರಿ?

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಮುಂಬೈಯಲ್ಲಿ ಕೂತು ಕನ್ನಡದಲ್ಲಿ ಬ್ಲಾಗ್ ನಡೆಸುವವರು ಎಡಿಟೋರಿಯಲ್ ಕ್ಯಾಲೆಂಡರ್ ಅಂತ ತಿಂಗಳು ತಿಂಗಳು ಡಾಲರ್ ಕಟ್ಟಬೇಕಾಗಿಲ್ಲ. ಗೋಡೆ ಮೇಲೆ ಕನ್ನಡ ಕಾಲನಿರ್ಣಯ ಕ್ಯಾಲೆಂಡರ್, ಫೋನಿನಲ್ಲಿ ಒಂದು ಗೂಗಲ್ ಶೀಟ್. ಇಷ್ಟು ಸಾಕು. ಉಳಿದವೂ ಚೆನ್ನಾಗಿವೆ, ಒಂದೆರಡು ತುಂಬಾನೇ ಚೆನ್ನಾಗಿವೆ, ಆದರೆ ನಮ್ಮಂಥವರ ಕೆಲಸಕ್ಕೆ ಜಾಸ್ತಿ ಆಯಿತು.

ನಮ್ಮದು ಚಿಕ್ಕ ಗುಂಪು. ಡೊಂಬಿವಲಿಯಲ್ಲಿ ನಾನು, ಮಾಟುಂಗದಲ್ಲಿ ಒಬ್ಬರು ಅಕ್ಕ, ಐರೋಲಿಯಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಮಾವ, ಮೀರಾ ರೋಡಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಒಬ್ಬಳು. ಊಟ-ತಿಂಡಿ, ಹಬ್ಬ, ಯಕ್ಷಗಾನ, ಮುಂಬೈ ಕನ್ನಡಿಗರ ಹಳೆ ಜಾಗಗಳು, ಇವು ನಮ್ಮ ವಿಷಯ. ವಾರಕ್ಕೊಂದು ಬರಹ. ಎಲ್ಲರಿಗೂ ಬೇರೆ ಬೇರೆ ಕೆಲಸ ಇದೆ, ಬ್ಲಾಗಿನಿಂದ ಚಹಾ ಖರ್ಚೂ ಹುಟ್ಟಲ್ಲ. ಹಾಗಾಗಿ ಯಾರು, ಏನು, ಯಾವಾಗ ಬರೆಯಬೇಕು ಅನ್ನೋದನ್ನು ಒಂದು ಕಡೆ ಗುರುತು ಹಾಕಿ ಇಡದಿದ್ದರೆ ವಾಟ್ಸ್ಯಾಪಿನಲ್ಲಿ "ನೀವು ಬರೀತೀರಿ ಅಂದ್ಕೊಂಡೆ", "ಅಯ್ಯೋ, ನೀವೇ ಬರೀತೀರಿ ಅಂತ ನಾನು ಸುಮ್ನಿದ್ದೆ" ಇದೇ ನಡೀತಾ ಇರುತ್ತದೆ. ಎಡಿಟೋರಿಯಲ್ ಕ್ಯಾಲೆಂಡರ್ ಅಂತ ದೊಡ್ಡ ಹೆಸರು ಇದ್ದರೂ ಅದರ ಕೆಲಸ ಇಷ್ಟೇ, ಈ ಮಾತು ಬರದ ಹಾಗೆ ನೋಡಿಕೊಳ್ಳೋದು.

ಈಗ ಗೋಡೆಯ ಕ್ಯಾಲೆಂಡರಿಗೆ ಬರೋಣ. ಕಾಲನಿರ್ಣಯ ಮುಂಬೈಯದೇ ಹುಟ್ಟು. ಜಯಂತರಾವ್ ಸಾಳಗಾಂವ್ಕರ್ 1973ರಲ್ಲಿ ಮರಾಠಿಯಲ್ಲಿ ಶುರು ಮಾಡಿದ್ದು, ಆಮೇಲೆ ಬೇರೆ ಭಾಷೆಗಳಿಗೂ ಹೋಯಿತು, ಕನ್ನಡದಲ್ಲೂ ಬರುತ್ತದೆ. ಮಾಟುಂಗದಲ್ಲಿ ಒಂದು ಮಸಾಲೆ ದೋಸೆಗೆ ಕೊಡುವಷ್ಟೂ ದುಡ್ಡು ಆಗಲ್ಲ. ನವೆಂಬರ್, ಡಿಸೆಂಬರಿನಲ್ಲಿ ಸ್ಟೇಷನ್ ಹೊರಗಿನ ಪೇಪರ್ ಅಂಗಡಿಗಳಲ್ಲಿ ಮರಾಠಿಯದ್ದು ರಾಶಿ ರಾಶಿ ಇರುತ್ತದೆ. ಕನ್ನಡದ್ದು ಬೇಕಾದರೆ ಪೇಪರಿನವರಿಗೆ ಮುಂಚೆನೇ ಹೇಳಿಡೋದು ಒಳ್ಳೇದು.

ಬ್ಲಾಗಿಗೆ ಇದು ಯಾಕೆ ಬೇಕು ಅಂತೀರಾ? ನಮ್ಮ ಬರಹಗಳಲ್ಲಿ ಅರ್ಧಕ್ಕರ್ಧ ಹಬ್ಬಕ್ಕೆ ಅಂಟಿಕೊಂಡಿರುತ್ತವೆ. ಹಬ್ಬಗಳು ಇಂಗ್ಲಿಷ್ ತಾರೀಖಿನ ಮಾತು ಕೇಳಲ್ಲ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ ಹಬ್ಬ ಪ್ರತಿ ವರ್ಷ ಅಷ್ಟು ಹಿಂದಕ್ಕೆ ಸರಿಯುತ್ತದೆ, ಆಮೇಲೆ ಅಧಿಕ ಮಾಸ ಬಂದ ವರ್ಷ ಒಂದೇ ಸಲ ಮುಂದಕ್ಕೆ ಹಾರುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಅದಾದ ಮೇಲಿನ ಹಬ್ಬಗಳೆಲ್ಲ 2025ಕ್ಕಿಂತ ಎರಡೂವರೆ ಮೂರು ವಾರ ತಡ. ಫೋನಿನ ಕ್ಯಾಲೆಂಡರಿನಲ್ಲಿ ನೀವೇ ಹಬ್ಬ ಬರೆದು 'ಪ್ರತಿ ವರ್ಷ' ಅಂತ ಒತ್ತಿ ಕೂತರೆ, ಅಥವಾ ಹೋದ ವರ್ಷದ ಪಟ್ಟಿಯನ್ನೇ ಕಾಪಿ ಮಾಡಿ ಇಸವಿ ತಿದ್ದಿದರೆ, ಮೋದಕದ ರೆಸಿಪಿ ಹಬ್ಬಕ್ಕೆ ಎರಡೂವರೆ ವಾರ ಮುಂಚೆ ಬಂದು ಯಾರೂ ನೋಡದೆ ಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದು ಮುಂಬೈಯಲ್ಲಿ ಇರುವವರಿಗೇ ಅರ್ಥ ಆಗೋದು. ಇಲ್ಲಿ ಅಕ್ಕಪಕ್ಕದ ಮನೆಯವರ ಶ್ರಾವಣ ಒಂದೇ ದಿನ ಶುರುವಾಗಲ್ಲ. ಉತ್ತರದವರಿಗೆ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ, ನಮಗೂ ಮರಾಠಿಗರಿಗೂ ಅಮಾವಾಸ್ಯೆಗೆ. ಹದಿನೈದು ದಿನದ ವ್ಯತ್ಯಾಸ. ನೆಟ್‌ನಲ್ಲಿ ಸಿಗುವ 'ಭಾರತದ ಹಬ್ಬಗಳ ಕಂಟೆಂಟ್ ಕ್ಯಾಲೆಂಡರ್' ಟೆಂಪ್ಲೇಟುಗಳನ್ನು ಯಾರು ಮಾಡಿದ್ದಾರೋ ಅವರ ಊರಿನ ಲೆಕ್ಕದಲ್ಲಿ ಇರುತ್ತವೆ. ಸುಮ್ನೆ ಇಳಿಸಿಕೊಂಡು ಬಳಸಿದರೆ 'ಶ್ರಾವಣ ಸೋಮವಾರದ ಉಪವಾಸದ ತಿಂಡಿ' ಅಂತ ನೀವು ಹಾಕಿದ ದಿನ ನಿಮ್ಮ ಓದುಗರ ಮನೆಯಲ್ಲಿ ಇನ್ನೂ ಕೋಳಿ ಬೇಯುತ್ತಿರುತ್ತದೆ.

ಕೋಳಿ ಅಂದ ಕೂಡಲೇ ನೆನಪಾಯಿತು. ನಮ್ಮ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಚೌಕ ಆಗಸ್ಟ್ 12. 2026ರ ಆಷಾಢ ಅಮಾವಾಸ್ಯೆ. ಮುಂಬೈಯಲ್ಲಿ ಅದು ಗಟಾರಿ, ಶ್ರಾವಣ ಬರುವ ಮುಂಚೆ ಮಟನ್ ಅಂಗಡಿ ಮುಂದೆ ದೊಡ್ಡ ಲೈನು. ಅದೇ ದಿನ ಮರಾಠಿ ಮನೆಗಳಲ್ಲಿ ದೀಪ ತೊಳೆದು ಪೂಜೆ ಮಾಡುವ ದೀಪ ಅಮಾವಾಸ್ಯೆ. ಅದೇ ದಿನ ತುಳುನಾಡಿನವರಿಗೆ ಆಟಿ ಅಮಾವಾಸ್ಯೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ. ಒಂದು ತಾರೀಖು, ಮೂರು ಬರಹ! ಗೋಡೆಯ ಕ್ಯಾಲೆಂಡರಿನಲ್ಲಿ ಆ ಚೌಕದ ಅಂಚಿನಲ್ಲಿ ಮಾಟುಂಗದ ಅಕ್ಕ ಪೆನ್ಸಿಲಿನಲ್ಲಿ "ಕಷಾಯ, ಕೆತ್ತೆ ಊರಿಂದ ಯಾರು ತರ್ತಾರೆ?" ಅಂತ ಬರೆದಿದ್ದಾರೆ. ಪಕ್ಕದಲ್ಲೇ ಹಾಲಿನವನ ಲೆಕ್ಕ. ಯಾವ ಆ್ಯಪ್ ಹೇಳುತ್ತದೆ ಹೇಳಿ, ಕೆತ್ತೆಗೆ ಮುಂಚೆನೇ ಹೇಳಿಡಬೇಕು ಅಂತ?

ಹಾಗಂತ ಕಾಲನಿರ್ಣಯ ಒಂದೇ ಇದ್ದರೆ ಆಗಲ್ಲ. ತುಳು ತಿಂಗಳು ಸೌರಮಾನದ್ದು. ಬಿಸು (ತುಳುವರ ಹೊಸ ವರ್ಷ), ಆಟಿ ತಿಂಗಳು, ಕೆಡ್ಡಸ (ಭೂಮಿತಾಯಿಯ ಹಬ್ಬ) ಇವಕ್ಕೆ ಉಡುಪಿ ಅಥವಾ ಮಂಗಳೂರು ಕಡೆಯ ಪಂಚಾಂಗ ಕೈಯಲ್ಲಿರಬೇಕು. ಕೃಷ್ಣಾಷ್ಟಮಿಯನ್ನೇ ತಗೊಳ್ಳಿ. 2025ರಲ್ಲಿ ಮುಂಬೈಯ ದಹಿ ಹಂಡಿ ಆಗಸ್ಟ್ 16ಕ್ಕೆ ಮುಗಿದೇ ಹೋಯಿತು. ಉಡುಪಿಯಲ್ಲಿ ಸೌರಮಾನದ ಲೆಕ್ಕ, ಅಲ್ಲಿ ವಿಟ್ಲಪಿಂಡಿ (ಅಷ್ಟಮಿಯ ಮರುದಿನದ ಮೊಸರುಕುಡಿಕೆ) ಆದದ್ದು ಸೆಪ್ಟೆಂಬರ್ 15ಕ್ಕೆ. ಓದುಗರು ಇಬ್ಬರೂ ನಮ್ಮವರೇ. ಘಾಟ್‌ಕೋಪರಿನಲ್ಲಿ ಇರುವವರಿಗೆ ಒಂದು, ಊರಿನಲ್ಲಿ ಇರುವವರಿಗೆ ಇನ್ನೊಂದು. ಚಕ್ಕುಲಿ, ಉಂಡೆಯ ಬರಹ ಆಗಸ್ಟಿನಲ್ಲಿ ಹಾಕಿ, ಹುಲಿವೇಷದ ಬರಹವನ್ನು ಒಂದು ತಿಂಗಳು ತಡೆದಿಟ್ಟರೆ ಎರಡಕ್ಕೂ ಓದುಗರು ಸಿಗುತ್ತಾರೆ.

ಗೋಡೆಯದ್ದರ ತೊಂದರೆ ಗೊತ್ತಿರೋದೇ. ಅದು ಅಕ್ಕನ ಗೋಡೆ ಮೇಲಿದೆ, ಮಾವನ ಗೋಡೆ ಮೇಲೆ ಇಲ್ಲ. ಚೌಕದಲ್ಲಿ ತಿಥಿ, ನಕ್ಷತ್ರ, ಹಬ್ಬ ಎಲ್ಲ ತುಂಬಿ ಬರೆಯೋಕೆ ಜಾಗ ಇಲ್ಲ. ಬರಹ ಎಲ್ಲಿವರೆಗೆ ಬಂತು ಅಂತ ಗೊತ್ತಾಗಲ್ಲ. ಅಲ್ಲಿಗೆ ಶೀಟ್ ಬೇಕು.

ಗೂಗಲ್ ಶೀಟಿನ ಬಗ್ಗೆ ಜನ ಮೂಗು ಮುರಿಯುತ್ತಾರೆ, ಆಫೀಸಿನ ವಾಸನೆ ಬರುತ್ತದೆ ಅಂತ. ಬರಲಿ ಬಿಡಿ. ಪುಕ್ಕಟೆ, ಎಲ್ಲರ ಫೋನಿನಲ್ಲೂ ತೆರೆಯುತ್ತದೆ, ಒಂದೇ ಹೊತ್ತಿಗೆ ನಾಲ್ಕು ಜನ ಬರೆಯಬಹುದು, ಕನ್ನಡ ಎಲ್ಲೂ ಒಡೆಯಲ್ಲ. ಯಾರೋ ಏನೋ ಅಳಿಸಿದರೆ ಹಳೆ ಆವೃತ್ತಿಗೆ ಹಿಂತಿರುಗಬಹುದು. ನಮ್ಮದರಲ್ಲಿ ಇರೋದು ಆರೇ ಕಾಲಂ: ಪ್ರಕಟಣೆ ತಾರೀಖು, ಸಂದರ್ಭ, ಶೀರ್ಷಿಕೆ, ಯಾರು, ಎಲ್ಲಿದೆ, ಫೋಟೋ. 'ಎಲ್ಲಿದೆ' ಅನ್ನೋ ಕಾಲಂನಲ್ಲಿ ಡ್ರಾಪ್‌ಡೌನ್ ಇಟ್ಟಿದ್ದೇವೆ, ಐಡಿಯಾ, ಬರೀತಿದ್ದಾರೆ, ತಿದ್ದಬೇಕು, ರೆಡಿ, ಹೋಯ್ತು. ತಾರೀಖು ದಾಟಿದರೂ 'ಹೋಯ್ತು' ಆಗದಿದ್ದರೆ ಸಾಲು ಕೆಂಪಾಗುವ ಹಾಗೆ ಕಂಡಿಷನಲ್ ಫಾರ್ಮ್ಯಾಟಿಂಗ್. ಇದನ್ನು ಮಾಡಿಕೊಟ್ಟದ್ದು ಮೀರಾ ರೋಡಿನ ಹುಡುಗಿ. ಮಾವ ಮೊದಲು "ಕೆಂಪು ಬಣ್ಣ ಯಾಕಮ್ಮಾ, ಎನ್‌ಪಿಎ ಲೋನಿನ ಹಾಗೆ ಕಾಣ್ತದೆ" ಅಂದರು (ಎನ್‌ಪಿಎ ಅಂದರೆ ಬ್ಯಾಂಕಿಗೆ ವಾಪಸ್ ಬಾರದ ಸಾಲ). ಈಗ ಬೆಳಗ್ಗೆ ಶೀಟ್ ತೆಗೆದು ಯಾರದು ಕೆಂಪಾಗಿದೆ ಅಂತ ಗುಂಪಿನಲ್ಲಿ ಹೇಳುವವರು ಅವರೇ.

ಶೀಟ್ ಶುರು ಮಾಡುವ ಮುಂಚೆ ಒಂದು ಕೆಲಸ ಮಾಡಲೇಬೇಕು. ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ಯಾವ ದೇಶದ ಪದ್ಧತಿ ಅನ್ನೋದು) ಭಾರತ ಅಂತ ಇದೆಯಾ ನೋಡಿ. ಅಮೆರಿಕ ಅಂತ ಇದ್ದರೆ ನೀವು 5/11 ಅಂತ ಹೊಡೆದದ್ದು ನಿಮ್ಮ ಲೆಕ್ಕದಲ್ಲಿ ನವೆಂಬರ್ 5, ಶೀಟಿನ ಲೆಕ್ಕದಲ್ಲಿ ಮೇ 11. ದಿನ 12 ದಾಟಿದರೆ ಅದು ತಾರೀಖೇ ಅಲ್ಲ ಅಂತ ಬರೀ ಅಕ್ಷರ ಅಂದುಕೊಳ್ಳುತ್ತದೆ. ತಾರೀಖಿನ ಪ್ರಕಾರ ಜೋಡಿಸಿ ಅಂದರೆ ರಾಜ್ಯೋತ್ಸವದ ಬರಹ ಹೋಗಿ ಜನವರಿಯಲ್ಲಿ ಕೂತಿರುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ.

ನಿಜವಾದ ಉಪಯೋಗ ಹಿಂದಕ್ಕೆ ಎಣಿಸೋದರಲ್ಲಿದೆ. ತಾರೀಖಿನ ಚೌಕದಿಂದ 21 ಕಳೆದರೆ ಮೂರು ವಾರ ಹಿಂದಿನ ತಾರೀಖು ತಾನಾಗೇ ಬರುತ್ತದೆ. ಗಣಪತಿಯದ್ದೇ ನೋಡಿ. ಕಿಂಗ್ಸ್ ಸರ್ಕಲಿನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣರ) ಗಣಪತಿಯ ಬಗ್ಗೆ ಹಬ್ಬದ ದಿನ ಬರೆಯೋಕೆ ಹೊರಟರೆ ಫೋಟೋ ಎಲ್ಲಿಂದ ಬರಬೇಕು? ಆ ಜನಜಂಗುಳಿಯಲ್ಲಿ ನಿಂತುಕೊಂಡು ಬರಹ ತಿದ್ದೋಕೆ ಆಗುತ್ತದಾ? ಹೋದ ವರ್ಷದ ಫೋಟೋ ಈ ವರ್ಷದ ಬರಹಕ್ಕೆ, ಈ ವರ್ಷದ್ದು ಮುಂದಿನ ವರ್ಷಕ್ಕೆ. ರಾಯಗಡ ಜಿಲ್ಲೆಯ ಪೇಣ್‌ನಲ್ಲಿ ಗಣಪತಿ ಮೂರ್ತಿ ಮಾಡುವವರ ಬಗ್ಗೆ ಬರೆಯಬೇಕು ಅಂದರೆ ಮೂರು ವಾರವೂ ಸಾಲಲ್ಲ, ಮೂರ್ತಿಗಳೆಲ್ಲ ಹೊರಟು ಹೋಗಿರುತ್ತವೆ. ಮಳೆ ಜೋರಾಗುವ ಮುಂಚೆ ರಾಯಗಡ ಕಡೆ ಹೋಗಿ ಬಂದುಬಿಡಬೇಕು. ಹಾಗಾಗಿ ಪೇಣ್‌ನ ಸಾಲಿನಲ್ಲಿ ಎರಡು ತಾರೀಖು, ಒಂದು ಹೋಗುವ ತಾರೀಖು, ಒಂದು ಹಾಕುವ ತಾರೀಖು. ಮಧ್ಯೆ ಮೂರು ತಿಂಗಳು.

ತಾರೀಖು ಇಲ್ಲದ ಬರಹಗಳೂ ಇವೆ, ಕಾಲ ಮಾತ್ರ ಇರೋದು. ಮಾವಿನ ಮಿಡಿ, ಆಪೂಸ್, ಪತ್ರೊಡೆ. ಪತ್ರೊಡೆಗೆ ಯಾವ ಹಬ್ಬವೂ ಬೇಕಾಗಿಲ್ಲ, ಮಾಟುಂಗದ ಮಾರ್ಕೆಟಿನಲ್ಲಿ ಕೆಸುವಿನ ಎಲೆ ಕಟ್ಟು ಕಟ್ಟಾಗಿ ಬಂದ ವಾರ ಹಾಕಿದರಾಯಿತು. ಇವನ್ನೆಲ್ಲ ಶೀಟಿನ ಕೆಳಗೆ ಬೇರೆ ಹಾಳೆಯಲ್ಲಿ ಇಟ್ಟುಕೊಂಡಿದ್ದೇವೆ. ಯಾರಿಗಾದರೂ ಜ್ವರ ಬಂದು ವಾರದ ಬರಹ ತಪ್ಪಿತು ಅಂದರೆ ಅಲ್ಲಿಂದ ಒಂದು ಎತ್ತಿ ಹಾಕೋದು. ಜುಲೈ 26 ಥರದ ತಾರೀಖುಗಳೂ ಇವೆ, 2005ರ ಮಳೆಯ ದಿನ, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದು. ಆ ದಿನ ಎಲ್ಲಿದ್ದಿರಿ ಅಂತ ಯಾವ ಮುಂಬೈ ಕನ್ನಡಿಗರನ್ನು ಕೇಳಿದರೂ ಒಂದು ಬರಹ ಹುಟ್ಟುತ್ತದೆ. ಮುಂಬೈಯ ಕನ್ನಡ ಸಂಘ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ, 2026ಕ್ಕೆ ನೂರು ವರ್ಷ. ಮಾಟುಂಗದ ಊಟದ ಹೋಟೆಲ್, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಇಂಥವನ್ನು ವರ್ಷದ ಮೊದಲೇ ಕೂತು ಬರೆದಿಟ್ಟುಕೊಂಡರೆ ಹಬ್ಬ ಇಲ್ಲದ ವಾರಗಳು ಖಾಲಿ ಹೊಡೆಯಲ್ಲ.

ಈಗ ಟ್ರೆಲ್ಲೊ. ಕೆಲಸಗಳನ್ನು ಕಾರ್ಡುಗಳಲ್ಲಿ ಜೋಡಿಸಿಡುವ ಆ್ಯಪ್, 2011ರಲ್ಲಿ ಬಂದದ್ದು, 2017ರಲ್ಲಿ ಅಟ್ಲಾಸಿಯನ್ ಕಂಪನಿ ಕೊಂಡುಕೊಂಡಿತು. ಬೋರ್ಡಿನಲ್ಲಿ ಪಟ್ಟಿಗಳು, ಪಟ್ಟಿಯಲ್ಲಿ ಕಾರ್ಡುಗಳು, ಬರಹ ಮುಂದೆ ಹೋದ ಹಾಗೆ ಕಾರ್ಡನ್ನು ಬೆರಳಲ್ಲಿ ಎಳೆದು ಪಕ್ಕಕ್ಕೆ ಹಾಕೋದು. ಆ ಎಳೆಯುವ ಖುಷಿ ಶೀಟಿನಲ್ಲಿ ಇಲ್ಲ, ಒಪ್ಪುತ್ತೇನೆ. ಬರಹ ಎಲ್ಲಿವರೆಗೆ ಬಂತು ಅಂತ ನೋಡೋಕೆ ಇದಕ್ಕಿಂತ ಚೆನ್ನಾಗಿರೋದು ಸಿಗಲ್ಲ. ಆದರೆ ತಾರೀಖಿನ ಕಣ್ಣಲ್ಲಿ ನೋಡಬೇಕು ಅಂದರೆ ಒಳಗಿನ ಕ್ಯಾಲೆಂಡರ್ ನೋಟ ದುಡ್ಡಿನ ಪ್ಲಾನಿನಲ್ಲಿದೆ. ಪುಕ್ಕಟೆ ಪ್ಲಾನಿನವರು ಪವರ್-ಅಪ್ (ಹೆಚ್ಚುವರಿ ಸೌಲಭ್ಯ) ಸೇರಿಸಿಕೊಂಡು ಒಂದು ಮಟ್ಟಕ್ಕೆ ಸುಧಾರಿಸಬಹುದು. ವಾರಕ್ಕೆ ನಾಲ್ಕೈದು ಬರಹ ಹಾಕುವ, ಎಡಿಟರ್ ಬೇರೆ, ಫೋಟೋದವರು ಬೇರೆ ಇರುವ ದೊಡ್ಡ ತಂಡಕ್ಕೆ ಟ್ರೆಲ್ಲೊ ಸರಿ. ವಾರಕ್ಕೊಂದು ಬರಹಕ್ಕೆ ಅದು ಬೇಡ.

ಟಿಪ್ಪಣಿ, ಪಟ್ಟಿ ಎಲ್ಲ ಇಡುವ ಇನ್ನೊಂದು ಆ್ಯಪ್ ನೋಶನ್, ನೋಡೋಕೆ ಸುಂದರ. ಒಂದೇ ಪಟ್ಟಿಯನ್ನು ಟೇಬಲ್ ಆಗಿ ನೋಡಿ, ಬೋರ್ಡ್ ಆಗಿ ನೋಡಿ, ಕ್ಯಾಲೆಂಡರ್ ಆಗಿ ನೋಡಿ, ಮೂರೂ ಪುಕ್ಕಟೆ. ಪ್ರತಿ ಸಾಲಿನ ಒಳಗೇ ಇಡೀ ಬರಹ ಬರೆಯಬಹುದು, ಇದು ಬಹಳ ಅನುಕೂಲ. ಒಬ್ಬರೇ ಬರೆಯುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಇದನ್ನೇ ತಗೊಳ್ಳಿ. ನನ್ನ ತಕರಾರು ಒಂದೇ. ಅಲ್ಲಿ ಐಕಾನ್, ಕವರ್ ಚಿತ್ರ, ಬಣ್ಣ ಅಂತ ಅಲಂಕಾರಕ್ಕೆ ಕೊನೆಯೇ ಇಲ್ಲ, ಒಂದು ಭಾನುವಾರ ಪೂರ್ತಿ ಪ್ಲಾನಿಂಗ್ ಪುಟ ಸಿಂಗರಿಸೋದರಲ್ಲೇ ಹೋಗಿ ಬರೆಯಬೇಕಾದದ್ದು ಹಾಗೇ ಉಳಿಯುತ್ತದೆ. ಮಾವನಿಗೆ ಇದನ್ನು ಕಲಿಸೋಕೆ ನಾನಂತೂ ತಯಾರಿಲ್ಲ.

ಸ್ವಂತ ಹೋಸ್ಟಿಂಗಿನಲ್ಲಿ ವರ್ಡ್‌ಪ್ರೆಸ್ ಇಟ್ಟುಕೊಂಡವರಿಗೆ 'ಎಡಿಟೋರಿಯಲ್ ಕ್ಯಾಲೆಂಡರ್' ಅಂತಲೇ ಒಂದು ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಇದೆ, ಪುಕ್ಕಟೆ. ಡ್ಯಾಶ್‌ಬೋರ್ಡಿನಲ್ಲೇ ತಿಂಗಳ ಚೌಕಗಳು, ಪ್ರತಿ ಚೌಕದಲ್ಲಿ ಆ ದಿನದ ಬರಹ, ಎಳೆದು ಬೇರೆ ದಿನಕ್ಕೆ ಹಾಕಿದರೆ ಪ್ರಕಟಣೆ ತಾರೀಖೇ ಬದಲಾಗುತ್ತದೆ. ತಾರೀಖು ಗೊತ್ತಾಗದ ಡ್ರಾಫ್ಟುಗಳು ಪಕ್ಕದಲ್ಲಿ ಒಂದು ಕಡೆ ಕೂತಿರುತ್ತವೆ. ಪ್ಲಾನ್ ಬೇರೆ, ಬರಹ ಬೇರೆ ಅನ್ನೋ ಗೋಜೇ ಇಲ್ಲ. ನಾವು ಶೀಟಿನ ಜೊತೆ ಇದನ್ನೂ ಬಳಸುತ್ತೇವೆ. ಆದರೆ 'ರೆಡಿ' ಆದ ಬರಹ ಮಾತ್ರ ಇಲ್ಲಿಗೆ ಬರುತ್ತದೆ. ಐಡಿಯಾಗಳನ್ನೆಲ್ಲ ಇಲ್ಲಿ ತುಂಬಿಸಿದರೆ ಡ್ರಾಫ್ಟುಗಳ ಸಂತೆ ಆಗಿಬಿಡುತ್ತದೆ.

ವರ್ಡ್‌ಪ್ರೆಸ್‌ನಲ್ಲಿ ಶೆಡ್ಯೂಲ್ ಮಾಡುವವರಿಗೆ ಎರಡು ಮಾತು. ಜನರಲ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ಕೋಲ್ಕತಾ ಅಂತ ಇಟ್ಟುಕೊಳ್ಳಿ. ಅಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂತ ಇದ್ದರೆ ಬೆಳಗ್ಗೆ 7ಕ್ಕೆ ಅಂತ ಇಟ್ಟದ್ದು ಮಧ್ಯಾಹ್ನ 12.30ಕ್ಕೆ ಬರುತ್ತದೆ, ಅಷ್ಟರಲ್ಲಿ ಹಬ್ಬದ ಊಟವೇ ಆಗಿರುತ್ತದೆ. ಎರಡನೇದು, ವರ್ಡ್‌ಪ್ರೆಸ್‌ನ ಒಳಗಿನ ಗಡಿಯಾರ ತಾನಾಗೇ ಎದ್ದು ಕೆಲಸ ಮಾಡಲ್ಲ. ಯಾರಾದರೂ ಸೈಟಿಗೆ ಬಂದಾಗ ಮಾತ್ರ ಹೊತ್ತು ನೋಡುತ್ತದೆ. ದೊಡ್ಡ ಸೈಟಿಗೆ ಇದು ಗೊತ್ತೂ ಆಗಲ್ಲ, ಜನ ಬರ್ತಾನೇ ಇರುತ್ತಾರೆ. ನಮ್ಮಂಥ ಚಿಕ್ಕ ಕನ್ನಡ ಬ್ಲಾಗಿಗೆ ಬೆಳಗಿನ ಜಾವ ಯಾರು ಬರುತ್ತಾರೆ? ಬರಹ ಹಾಗೇ ಕೂತಿರುತ್ತದೆ, ಕೆಲವು ಸಲ 'ಮಿಸ್ಡ್ ಶೆಡ್ಯೂಲ್' ಅಂತ ತೋರಿಸುತ್ತದೆ. ಹೋಸ್ಟಿಂಗಿನವರಲ್ಲಿ ಕ್ರಾನ್ ಜಾಬ್ (ಹೊತ್ತಿಗೆ ಸರಿಯಾಗಿ ತಾನಾಗೇ ನಡೆಯುವ ಕೆಲಸ) ಹಾಕಿಸಿಕೊಂಡರೆ ಸರಿಹೋಗುತ್ತದೆ. ಆಗದಿದ್ದರೆ ಯಾರಾದರೂ ಬೆಳಗ್ಗೆ ಎದ್ದು ಸೈಟ್ ಒಮ್ಮೆ ತೆರೆದರಾಯಿತು. ನಮ್ಮಲ್ಲಿ ಆ ಡ್ಯೂಟಿ ಮಾವನದು, ಅವರು ಐದಕ್ಕೇ ಏಳುತ್ತಾರೆ.

ದುಡ್ಡು ಕೊಟ್ಟು ತಗೊಂಡ ಒಂದು ಆ್ಯಪ್ ಬಗ್ಗೆಯೂ ಹೇಳಬೇಕು. ಹೆಸರು ಬೇಡ. ಅದರಲ್ಲಿ ವರ್ಷದ ವಿಶೇಷ ದಿನಗಳ ಪಟ್ಟಿ ಮೊದಲೇ ತುಂಬಿ ಬರುತ್ತದೆ ಅಂತ ಜಾಹೀರಾತು. ಬಂತು. ಡೋನಟ್ ದಿನ ಇತ್ತು, ಹ್ಯಾಲೋವೀನ್ ಇತ್ತು. ಯುಗಾದಿ ಇಲ್ಲ, ಗುಢಿ ಪಾಡ್ವಾ ಇಲ್ಲ, ನವೆಂಬರ್ 1 ಖಾಲಿ. ಕನ್ನಡ ಶೀರ್ಷಿಕೆ ಹಾಕಿದರೆ ಪೆಟ್ಟಿಗೆಯಲ್ಲಿ ಒತ್ತಕ್ಷರಗಳ ಕಾಲು ಕತ್ತರಿಸಿ 'ಅಕ್ಕಿ ರೊಟ್ಟಿ' ಹೋಗಿ 'ಅಕಿ ರೊಟಿ' ಆಗಿ ಕಾಣುತ್ತಿತ್ತು. ಬೇಡ ಅಂತ ನಿಲ್ಲಿಸೋಕೆ ಹೋದರೆ ಆ ಬಟನ್ ಎಲ್ಲಿದೆ ಅಂತ ಹುಡುಕಿ ಹುಡುಕಿ ಸಾಕಾಯಿತು, ಅಷ್ಟರಲ್ಲಿ ಇನ್ನೊಂದು ತಿಂಗಳ ಡಾಲರ್ ಕಾರ್ಡಿನಿಂದ ಹೋಯಿತು. ಯಾವುದೇ ಆ್ಯಪಿಗೆ ಕಾರ್ಡ್ ನಂಬರ್ ಕೊಡುವ ಮುಂಚೆ ಅದರ ಪುಕ್ಕಟೆ ಅವಧಿಯಲ್ಲೇ ಒಂದು ಕನ್ನಡ ಶೀರ್ಷಿಕೆ ಹೊಡೆದು ನೋಡಿ. ಜ್ಯೋತ್ಸ್ನಾ, ರಾಷ್ಟ್ರೀಯ ಅಂತ ಏನಾದರೂ. ಎರಡೇ ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಅಂಕ ಕೊಡಲೇಬೇಕು ಅಂದರೆ ಶೀಟಿಗೆ ಐದಕ್ಕೆ ನಾಲ್ಕೂವರೆ, ಕಾಲನಿರ್ಣಯಕ್ಕೂ ಅಷ್ಟೇ, ಪ್ಲಗಿನ್‌ಗೆ ನಾಲ್ಕು, ನೋಶನ್‌ಗೆ ನಾಲ್ಕು, ಟ್ರೆಲ್ಲೊಗೆ ಮೂರೂವರೆ. ಹೆಸರಿಲ್ಲದ ಆ್ಯಪಿಗೆ ಒಂದು, ಅದೂ ಬಣ್ಣ ಚೆನ್ನಾಗಿತ್ತು ಅಂತ.

ಯಾವುದನ್ನೇ ತಗೊಂಡರೂ ಎಲ್ಲ ಚೌಕ ತುಂಬಿಸೋಕೆ ಹೋಗಬೇಡಿ. 2026ರಲ್ಲಿ ರಾಜ್ಯೋತ್ಸವ ನವೆಂಬರ್ 1, ದೀಪಾವಳಿ ನವೆಂಬರ್ 8, ಎರಡೂ ಭಾನುವಾರ. ಆ ಎಂಟು ದಿನದಲ್ಲಿ ಮೂರು ನಾಲ್ಕು ಬರಹ ಆಗೋದು ಖಂಡಿತ, ಅದಾದ ಮೇಲಿನ ವಾರ ನಾವು ಬೇಕಂತಲೇ ಖಾಲಿ ಬಿಟ್ಟಿದ್ದೇವೆ. ಆ ವಾರ ಎಲ್ಲರೂ ಊರಲ್ಲಿ ಇರುತ್ತಾರೆ, ಇಲ್ಲದಿದ್ದರೆ ಊರಿಂದ ಬಂದವರ ಜೊತೆ ಇರುತ್ತಾರೆ.

ಬ್ಲಾಗ್‌ಸ್ಪಾಟ್‌ನಲ್ಲಿ ಹಳೆ ಬ್ಲಾಗ್ ಇಟ್ಟುಕೊಂಡವರಿಗೆ ಈ ಪ್ಲಗಿನ್ ಎಲ್ಲ ಸಿಗಲ್ಲ, ಚೌಕಗಳ ನೋಟವೂ ಇಲ್ಲ. ಆದರೆ ಪೋಸ್ಟ್ ಸೆಟ್ಟಿಂಗ್ಸ್‌ನಲ್ಲಿ ಮುಂದಿನ ತಾರೀಖು ಹಾಕಿ ಪ್ರಕಟಿಸಿ ಅಂತ ಒತ್ತಿದರೆ ಆ ದಿನ ತಾನಾಗೇ ಹೋಗುತ್ತದೆ. ಅದರ ಜೊತೆ ಗೋಡೆ ಮೇಲೊಂದು ಕಾಲನಿರ್ಣಯ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್. ದಾರ ಕಟ್ಟಿ, ಇಲ್ಲದಿದ್ದರೆ ಪೆನ್ಸಿಲ್ ಹಾಲಿನ ಲೆಕ್ಕ ಬರೆದವರ ಜೊತೆ ಹೋಗಿಬಿಡುತ್ತದೆ.